ಬಜ್ಪೆಯಿಂದ ದುಬೈ ಎಷ್ಟು ದೂರ, ಸಂಗೊಳ್ಳಿಯಿಂದ ಎಷ್ಟು?

2023ರ ಡಿಸೆಂಬರ್ 14ರಂದು ಬೆಳಗಾವಿ ಅಧಿವೇಶನದಲ್ಲಿ ನಮ್ಮ ವಿಧಾನಸಭೆ ಒಂದು ನಿರ್ಣಯ ಅಂಗೀಕರಿಸಿತು. ರಾಜ್ಯದ ನಾಲ್ಕು ವಿಮಾನ ನಿಲ್ದಾಣಗಳಿಗೆ ಹೊಸ ಹೆಸರು ಇಡಬೇಕು ಎಂಬ ಶಿಫಾರಸು ಅದು. ಹುಬ್ಬಳ್ಳಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚೆನ್ನಮ್ಮ, ಶಿವಮೊಗ್ಗಕ್ಕೆ ಕುವೆಂಪು, ವಿಜಯಪುರಕ್ಕೆ ಬಸವೇಶ್ವರ. ಬೆಂಗಳೂರಿನ ಮೆಜೆಸ್ಟಿಕ್ ಪಕ್ಕದ ರೈಲು ನಿಲ್ದಾಣಕ್ಕೆ 2016ರಿಂದಲೇ ರಾಯಣ್ಣನ ಹೆಸರು ಉಂಟು. 1831ರಲ್ಲಿ ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ ವೀರನ ಹೆಸರು ಇಡುವುದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ. ಆದರೆ ಹೆಸರು ಬೋರ್ಡಿಗೆ ಬರುತ್ತದೆ, ವಿಮಾನ ಬರುತ್ತದಾ ಎಂಬುದು ಬೇರೆಯೇ ಪ್ರಶ್ನೆ. ಗಲ್ಫ್ ಜೊತೆ ಎರಡು ಮೂರು ತಲೆಮಾರಿನಿಂದ ಕರುಳುಬಳ್ಳಿಯ ಸಂಬಂಧ ಇಟ್ಟುಕೊಂಡ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಒಂದು ಲೆಕ್ಕ ಹಾಕಿ ನೋಡುವ. ರಾಯಣ್ಣನ ಊರು ಸಂಗೊಳ್ಳಿ ಇರುವುದು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನಲ್ಲಿ. ಅದಕ್ಕೆ ಹತ್ತಿರದ ವಿಮಾನ ನಿಲ್ದಾಣಗಳು ಎರಡು: ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿ. ಭೂಮಿಯ ಮೇಲ್ಮೈಯಲ್ಲಿ ನೇರ ಅಳೆದರೆ ಸಾಂಬ್ರಾದಿಂದ ದುಬೈಗೆ ಸುಮಾರು 2,255 ಕಿಲೋಮೀಟರ್, ಹುಬ್ಬಳ್ಳಿಯಿಂದ ಸುಮಾರು 2,330. ನಮ್ಮ ಬಜ್ಪೆಯಿಂದ ದುಬೈಗೆ? ಸುಮಾರು 2,460. ಅಂದರೆ ಸಂಗೊಳ್ಳಿಯವರಿಗೆ ದುಬೈ ನಮಗಿಂತ ಹತ್ತಿರ, ಇನ್ನೂರು ಕಿಲೋಮೀಟರಿನಷ್ಟು. ವಿಮಾನದ ವೇಗಕ್ಕೆ ಇದು ಹದಿನೈದು ನಿಮಿಷದ ಉಳಿತಾಯ.

ಆದರೆ ಆ ಊರಿನ ಒಬ್ಬ ಹುಡುಗ ಕೆಲಸಕ್ಕೆ ದುಬೈಗೆ ಹೊರಟ ಎಂದುಕೊಳ್ಳಿ. ಸಾಂಬ್ರಾದಿಂದಲಾಗಲಿ ಹುಬ್ಬಳ್ಳಿಯಿಂದಲಾಗಲಿ ಅವನಿಗೆ ನೇರ ವಿಮಾನ ಇಲ್ಲ. ಬೆಂಗಳೂರಿಗೆ ಹೋದರೆ ಸುಮಾರು 445 ಕಿಲೋಮೀಟರ್ ಆಗ್ನೇಯಕ್ಕೆ, ಅಂದರೆ ದುಬೈಗೆ ಬೆನ್ನು ಹಾಕಿ ಹಾರಬೇಕು. ಅಲ್ಲಿಂದ ಮತ್ತೆ ಸುಮಾರು 2,700 ಕಿಲೋಮೀಟರ್. 2,255ರ ದಾರಿ 3,140 ಆಯಿತು. ಬೇಡ ಅಂದರೆ ಚೋರ್ಲಾ ಘಾಟಿ ಇಳಿದು ಗೋವಾದ ಮೋಪಾ ಅಥವಾ ದಾಬೋಲಿಂಗೆ ಕಾರಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಆ ಘಾಟಿ ಹೇಗಿರುತ್ತದೆ ಎಂದು ಶಿರಾಡಿ ಕಂಡ ನಮಗೆ ಹೇಳಬೇಕಾಗಿಲ್ಲ. ಅದೂ ಬೇಡ ಅಂದರೆ ರಾತ್ರಿ ಬಸ್ಸು ಹತ್ತಿ ಮುಂಬೈ. ಪುತ್ತೂರಿನ ಹುಡುಗ ಮನೆಯಿಂದ ಹೊರಟು ದುಬೈ ಏರ್‌ಪೋರ್ಟ್ ಹೊರಗೆ ಬಂದು ನಿಲ್ಲಲು ಒಂಬತ್ತು ಹತ್ತು ಗಂಟೆ ಸಾಕು. ಸಂಗೊಳ್ಳಿಯವನಿಗೆ ಎಲ್ಲ ಸಮಯ ಸರಿಹೊಂದಿದರೂ ಹದಿಮೂರು ಗಂಟೆ ಬೇಕು, ಹೊಂದದಿದ್ದರೆ ಒಂದು ರಾತ್ರಿ ಲಾಡ್ಜಿನಲ್ಲೋ ಏರ್‌ಪೋರ್ಟಿನ ಕುರ್ಚಿಯಲ್ಲೋ.

ನಮ್ಮವರು ಸಾಮಾನ್ಯವಾಗಿ ಕೇಳುವುದು "ಫ್ಲೈಟ್ ಎಷ್ಟು ಗಂಟೆ" ಎಂದು. ಅದರಲ್ಲಿಯೂ ಒಂದಷ್ಟು ಗೊಂದಲ ಉಂಟು, ಅದನ್ನು ಮೊದಲು ಬಿಡಿಸುವ. ಬೋಯಿಂಗ್ 737ರಂಥ ವಿಮಾನ ಮೇಲೆ ಹೋದ ಬಳಿಕ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆ ಲೆಕ್ಕದಲ್ಲಿ ಬಜ್ಪೆಯಿಂದ ದುಬೈ ಮೂರು ಗಂಟೆ. ಆದರೆ ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವ ಮುಂಚೆ ಸರದಿಗೆ ಕಾಯುವುದು ಎಲ್ಲ ಸೇರಿ ವೇಳಾಪಟ್ಟಿಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಹಾಕುತ್ತಾರೆ. ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ. ಯಾಕೆಂದರೆ ಮೇಲ್ಮಟ್ಟದ ಗಾಳಿ, ಮುಖ್ಯವಾಗಿ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಗಲ್ಫಿನಿಂದ ಊರಿಗೆ ಬರುವಾಗ ಗಾಳಿ ಹಿಂದಿನಿಂದ ನೂಕುತ್ತದೆ.

ಇನ್ನು ಟಿಕೆಟಿನಲ್ಲಿ ಕಾಣುವ ಗಡಿಯಾರ. ಯುಎಇ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ರಾತ್ರಿ 8ಕ್ಕೆ ಬಜ್ಪೆ ಬಿಟ್ಟ ವಿಮಾನ ಮೂರೂ ಮುಕ್ಕಾಲು ಗಂಟೆ ಹಾರಿದರೂ ಟಿಕೆಟಿನಲ್ಲಿ ದುಬೈ ತಲುಪುವುದು 10.15 ಎಂದಿರುತ್ತದೆ. ಅದೇ ವಿಮಾನ ರಾತ್ರಿ 11.30ಕ್ಕೆ ದುಬೈ ಬಿಟ್ಟರೆ ಬಜ್ಪೆಗೆ ಬೆಳಗ್ಗಿನ ಜಾವ 4.25 ಎಂದು ಬರೆದಿರುತ್ತದೆ. "ಹೋಗ್ಲಿಕ್ಕೆ ಎರಡೇ ಗಂಟೆ, ಬರ್ಲಿಕ್ಕೆ ಐದು ಗಂಟೆ" ಎಂದು ಮದುವೆ ಮನೆಯಲ್ಲಿ ವಾದ ಮಾಡುವ ಹಿರಿಯರನ್ನು ನೀವೂ ನೋಡಿರಬಹುದು. ನಿಜ ತಿರುಗಾಮುರುಗಾ, ಬರುವ ಪ್ರಯಾಣವೇ ಕಡಿಮೆ.

ಹಾಗಾದರೆ ಹತ್ತಿರ ಇದ್ದ ಸಂಗೊಳ್ಳಿ ದೂರ ಆದದ್ದು, ದೂರ ಇದ್ದ ಬಜ್ಪೆ ಹತ್ತಿರ ಆದದ್ದು ಹೇಗೆ?

ಸಾಂಬ್ರಾ ಹೊಸ ನಿಲ್ದಾಣವೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ನಮ್ಮ ಬಜ್ಪೆ ಉದ್ಘಾಟನೆಯಾದದ್ದು 1951ರ ಡಿಸೆಂಬರ್ 25ಕ್ಕೆ, ನೆಹರೂ ಬಂದಿಳಿದಾಗ. ಅಂದರೆ ಸಾಂಬ್ರಾ ನಮಗಿಂತ ಹಿರಿಯ. ಉಡಾನ್ ಯೋಜನೆ ಬಂದ ಮೇಲೆ ಅಲ್ಲಿಂದ ಒಂದಷ್ಟು ಊರುಗಳಿಗೆ ವಿಮಾನ ಶುರುವಾಯಿತು. ಆದರೆ ಉಡಾನ್‌ನಲ್ಲಿ ಕಂಪೆನಿಗೆ ಸರಕಾರ ಕೊಡುವ ನಷ್ಟಭರ್ತಿ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆ ಮೇಲೆ ಸೀಟು ತುಂಬಿದರೆ ಉಂಟು, ತುಂಬದಿದ್ದರೆ ಇಲ್ಲ. ಬೆಳಗಾವಿಯಲ್ಲಿ ಕೆಲವು ಮಾರ್ಗಗಳು ಹಾಗೆಯೇ ನಿಂತುಹೋದವು. ವಿದೇಶಕ್ಕೆ ಹಾರಬೇಕಾದರೆ ಕಸ್ಟಮ್ಸ್ ಬೇಕು, ಇಮಿಗ್ರೇಶನ್ ಕೌಂಟರ್ ಬೇಕು, ಎಲ್ಲಕ್ಕಿಂತ ಮೊದಲು ದಿನಾ ನೂರೈವತ್ತು ಇನ್ನೂರು ಜನ ಗಲ್ಫಿಗೆ ಹೋಗುವವರು ಬೇಕು.

ಆ ಜನ ನಮ್ಮಲ್ಲಿ ಇದ್ದರು. ಆದರೆ ಜನ ಇದ್ದೂ ನಾವು ಎಷ್ಟು ವರ್ಷ ಕಾದೆವು ಎಂಬುದನ್ನು ಇವತ್ತಿನ ಹುಡುಗರು ತಿಳಿದಿರಬೇಕು. 1982ರ ತನಕ ಮುಂಬೈಯಿಂದ ಗಲ್ಫಿಗೆ 'ದ್ವಾರಕಾ' ಹಡಗು ಓಡುತ್ತಿತ್ತು. ನಮ್ಮ ಕಾಕಂದಿರ ಕಾಲದವರಿಗೆ ಗಲ್ಫ್ ಎಂದರೆ ಮೊದಲು ಮುಂಬೈ. ಊರಿಂದ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ, ಅಲ್ಲಿ ಪರಿಚಯದವರ ಕೋಣೆಯಲ್ಲಿ ಹತ್ತು ಹದಿನೈದು ಜನರ ನಡುವೆ ಚಾಪೆ, ಏಜೆಂಟರ ಆಫೀಸಿನ ಮೆಟ್ಟಿಲು, ಮೆಡಿಕಲ್, ಆ ಮೇಲೆ ಪ್ರಯಾಣ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ಕ್ಕೆ. ಬಜ್ಪೆಯ ಹಳೆ ರನ್‌ವೇ ಗಿಡ್ಡ, ದೊಡ್ಡ ಜೆಟ್ ಇಳಿಯುವಂತಿರಲಿಲ್ಲ. 2,450 ಮೀಟರಿನ ಎರಡನೇ ರನ್‌ವೇ ಆದ ಮೇಲೆ, 2006ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಹಾರಿತು. ಒಂದೇ ದಿನದಲ್ಲಿ ದುಬೈ ನಮಗೆ ಎರಡು ದಿನದಷ್ಟು ಹತ್ತಿರ ಬಂತು. ಕಿಲೋಮೀಟರ್ ಒಂದೂ ಕಡಿಮೆಯಾಗಿರಲಿಲ್ಲ.

ಅದೇ ರನ್‌ವೇಯಲ್ಲಿ 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮುಂದಕ್ಕೆ ಜಾರಿ ಕಣಿವೆಗೆ ಬಿದ್ದು 158 ಜನ ತೀರಿಹೋದರು, ಬದುಕಿದ್ದು ಎಂಟು ಜನ. ಮಂಗಳೂರಿನಿಂದ ಕಾಸರಗೋಡಿನವರೆಗೆ ಹಲವು ಮನೆಗಳಲ್ಲಿ ಆ ದಿನ ಇನ್ನೂ ಮುಗಿದಿಲ್ಲ. ರನ್‌ವೇ ಉದ್ದದ ಮಾತು ಬಂದಾಗ ನಾವು ಅದನ್ನು ಬರೀ ದೊಡ್ಡ ವಿಮಾನ ಬರಬೇಕೆಂಬ ಆಸೆಯಾಗಿ ನೋಡಬಾರದು ಎಂಬುದಕ್ಕೆ ಇಷ್ಟು ನೆನಪಿಸಿದೆ.

ದುಬೈ ವಿಷಯದಲ್ಲಿ ನಾವು ಸಂಗೊಳ್ಳಿಗಿಂತ ಪುಣ್ಯವಂತರು, ಸರಿ. ಜಿದ್ದಾ ವಿಷಯಕ್ಕೆ ಬನ್ನಿ, ಅಲ್ಲಿ ಹಲವು ಸಲ ನಾವೇ ಸಂಗೊಳ್ಳಿಯವರು.

ಬಜ್ಪೆಯಿಂದ ಜಿದ್ದಾ ನೇರ ಸುಮಾರು 3,900 ಕಿಲೋಮೀಟರ್. ಹಾರಾಟ ಐದರಿಂದ ಐದೂವರೆ ಗಂಟೆ. ಸಣ್ಣ ಬೋಯಿಂಗ್ 737ಕ್ಕೂ ಆಗುವ ದೂರವೇ. ಆದರೆ ದುಬೈಗೆ ಇದ್ದಂತೆ ದಿನದಲ್ಲಿ ಹಲವು ಸಲ ಹಾರುವ ಮಾರ್ಗ ಇದಲ್ಲ. ನಿಮ್ಮ ದಿನಕ್ಕೆ ನೇರ ವಿಮಾನ ಸಿಗದಿದ್ದರೆ ಮುಂಬೈ ಅಥವಾ ಬೆಂಗಳೂರು. ಮುಂಬೈ ಮೇಲೆ ಹೋದರೆ ಒಟ್ಟು ಸುಮಾರು 4,230 ಕಿಲೋಮೀಟರ್, ಬೆಂಗಳೂರು ಮೇಲೆ ಹೋದರೆ 4,490. ಗಮನಿಸಿ ನೋಡಿ: ಮುಂಬೈ ದಾರಿಯಲ್ಲಿ ಜಾಸ್ತಿಯಾದದ್ದು ಮುನ್ನೂರ ಚಿಲ್ಲರೆ ಕಿಲೋಮೀಟರ್, ಆಕಾಶದಲ್ಲಿ ಅರ್ಧ ಗಂಟೆಯೂ ಅಲ್ಲ. ಆದರೆ ಇನ್ನೊಂದು ವಿಮಾನಕ್ಕೆ ಕಾಯುವ ನಾಲ್ಕು, ಆರು, ಕೆಲವೊಮ್ಮೆ ಹತ್ತು ಗಂಟೆ ಉಂಟಲ್ಲ, ಪ್ರಯಾಣವನ್ನು ಉದ್ದ ಮಾಡುವುದು ಅದು. ಉಮ್ರಾಕ್ಕೆ ಹೊರಟ ಎಪ್ಪತ್ತು ವರ್ಷದ ಉಮ್ಮನಿಗೆ ಇಹ್ರಾಮಿನ ಮನಸ್ಸಿನಲ್ಲಿ ಗಾಲಿಕುರ್ಚಿ ಹುಡುಕಿಕೊಂಡು ಟರ್ಮಿನಲ್ ಸುತ್ತುವ ಕಷ್ಟ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಹಜ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 1995ರ ತನಕ ಮುಂಬೈಯಿಂದ ಜಿದ್ದಾಕ್ಕೆ ಹಡಗು ಇತ್ತು, ಹನ್ನೆರಡು ಹದಿನೈದು ದಿನದ ಪ್ರಯಾಣ. ವಿಮಾನದ ಕಾಲದಲ್ಲಿ ಬಜ್ಪೆಯಿಂದಲೇ ಹಜ್ ವಿಮಾನ ಹೊರಡುವಂತಾಯಿತು. ಊರಿನವರೆಲ್ಲ ಕಾರು, ವ್ಯಾನು ಮಾಡಿಕೊಂಡು ಹಾಜಿಗಳನ್ನು ಬೀಳ್ಕೊಡಲು ಹೋಗುತ್ತಿದ್ದ ಆ ದಿನಗಳು ಮರೆಯುವಂಥದ್ದಲ್ಲ. ಕೋವಿಡ್ ಬಂದು, 2022ರ ಹಜ್‌ಗೆ ದೇಶದ ನಿರ್ಗಮನ ಕೇಂದ್ರಗಳನ್ನು 21ರಿಂದ 10ಕ್ಕೆ ಇಳಿಸಿದರು. ಕರ್ನಾಟಕಕ್ಕೆ ಉಳಿದದ್ದು ಬೆಂಗಳೂರು ಒಂದೇ. ಮಂಗಳೂರು ಹೋಯಿತು, ಗೋವಾವೂ ಹೋಯಿತು. ಉತ್ತರ ಕರ್ನಾಟಕದ ಹಾಜಿಗಳಿಗೆ ಗೋವಾ ಹತ್ತಿರವಾಗಿತ್ತು. ಹಾಗಾಗಿ ಆ ವರ್ಷ ಬೈಲಹೊಂಗಲದ ಹಾಜಿಯೂ ಬಂಟ್ವಾಳದ ಹಾಜಿಯೂ ಒಂದೇ ಹಜ್ ಭವನದ ದಾರಿ ಹಿಡಿಯಬೇಕಾಯಿತು. ನಮಗೆ ಶಿರಾಡಿ ಘಾಟಿ ಹತ್ತಿ ಮುನ್ನೂರೈವತ್ತು ಕಿಲೋಮೀಟರ್ ಪೂರ್ವಕ್ಕೆ ಹೋಗಿ, ಮತ್ತೆ ಅದೇ ಮಂಗಳೂರಿನ ಆಸುಪಾಸಿನ ಆಕಾಶ ದಾಟಿ ಪಶ್ಚಿಮಕ್ಕೆ ಹಾರುವ ಪಾಡು.

ಹತ್ತಿರದ ನಿಲ್ದಾಣ ಸಿಕ್ಕರೆ ಎಲ್ಲ ಸರಿ ಎಂದೂ ಹೇಳುವಂತಿಲ್ಲ. 2024ರ ಹಜ್‌ಗೆ ಕೇರಳದಲ್ಲಿ ಕಣ್ಣೂರು, ಕೊಚ್ಚಿಗಿಂತ ಕೋಝಿಕ್ಕೋಡಿನ ವಿಮಾನ ದರ ಬಹಳ ಹೆಚ್ಚು ನಿಗದಿಯಾಗಿ ದೊಡ್ಡ ಗಲಾಟೆಯೇ ಆಯಿತು. ಕೋಝಿಕ್ಕೋಡಿನಿಂದ ಜಿದ್ದಾಕ್ಕೂ ಕಣ್ಣೂರಿನಿಂದ ಜಿದ್ದಾಕ್ಕೂ ದೂರದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇದ್ದದ್ದು ರನ್‌ವೇಯಲ್ಲಿ. 2020ರ ಆಗಸ್ಟಿನ ಅಪಘಾತದ ನಂತರ ಕೋಝಿಕ್ಕೋಡಿಗೆ ದೊಡ್ಡ ವಿಮಾನಗಳು ಬರುವುದು ನಿಂತಿತ್ತು. ಕಣ್ಣೂರಿನಲ್ಲಿ 3,050 ಮೀಟರ್ ರನ್‌ವೇ ಉಂಟು, ಮುನ್ನೂರು ನಾನ್ನೂರು ಜನರ ವಿಮಾನ ಇಳಿಯುತ್ತದೆ. ಸಣ್ಣ ವಿಮಾನದಲ್ಲಿ ತಲೆಗೆ ಬೀಳುವ ಖರ್ಚು ಜಾಸ್ತಿ, ಟೆಂಡರಿಗೆ ಬರುವ ಕಂಪೆನಿಗಳೂ ಕಡಿಮೆ. ನಮ್ಮ ಬಜ್ಪೆಯ 2,450 ಮೀಟರ್ ಟೇಬಲ್‌ಟಾಪ್ ರನ್‌ವೇಗೂ ಇದೇ ಮಾತು ಅನ್ವಯ. ಹಾಗಾಗಿ "ಮಂಗಳೂರಿನಿಂದ ಹಜ್ ವಿಮಾನ ಬೇಕು" ಎಂದು ಕೇಳುವಾಗ "ದರ ಎಷ್ಟು ಆದೀತು" ಎಂದೂ ಅದೇ ಉಸಿರಿನಲ್ಲಿ ಕೇಳಬೇಕು. 2018ರಿಂದ ಹಜ್ ಸಬ್ಸಿಡಿ ಇಲ್ಲ, ಹೆಚ್ಚಾದ ಪ್ರತಿ ರೂಪಾಯಿ ಹಾಜಿಯ ಕಿಸೆಯಿಂದಲೇ.

ದರದ ಹಿಂದೆ ಇನ್ನೊಂದು ಕಾರಣ ಉಂಟು, ಅದರ ಬಗ್ಗೆ ನಮ್ಮ ವೇದಿಕೆಗಳಲ್ಲಿ ಮಾತು ಕಡಿಮೆ. ಯಾವ ದೇಶದ ವಿಮಾನ ಯಾವ ಊರಿಗೆ ವಾರಕ್ಕೆ ಎಷ್ಟು ಸೀಟು ತರಬಹುದು ಎಂಬುದು ಎರಡು ಸರಕಾರಗಳ ನಡುವಿನ ಒಪ್ಪಂದದಲ್ಲಿ ಬರೆದಿರುತ್ತದೆ. ಪಾಯಿಂಟ್ ಆಫ್ ಕಾಲ್ ಎನ್ನುತ್ತಾರೆ. ಬೆಂಗಳೂರಿಗೆ, ಕೊಚ್ಚಿಗೆ ಎಮಿರೇಟ್ಸ್ ಬರುತ್ತದೆ, ಬಜ್ಪೆಗೆ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿ ಉಂಟು. 2006ರಿಂದ ಬಜ್ಪೆಯಿಂದ ಗಲ್ಫಿಗೆ ನಿತ್ಯದ ವಿಮಾನ ಓಡಿಸಿದ್ದೆಲ್ಲ ನಮ್ಮ ದೇಶದ ಕಂಪೆನಿಗಳೇ. 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ನಿಲ್ದಾಣಕ್ಕೂ ಇದೇ ಬೇನೆ. ಅಲ್ಲಿ ರಾಜ್ಯ ಸರಕಾರ, ಸಂಸದರು ಸೇರಿ ಪಾಯಿಂಟ್ ಆಫ್ ಕಾಲ್ ಕೊಡಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಕೇಂದ್ರ ಒಪ್ಪಿಲ್ಲ. ನಮ್ಮ ಕಡೆ ಈ ಬೇಡಿಕೆ ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ನಾವು ಹೆಸರಿಗೆ ಜಗಳ ಮಾಡಿದಷ್ಟು ಸೀಟಿಗೆ ಮಾಡುವುದಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ಬದಲಾವಣೆ: 2022ರ ಜನವರಿಯಲ್ಲಿ ಏರ್ ಇಂಡಿಯಾ, ಅದರ ಜೊತೆ ಎಕ್ಸ್‌ಪ್ರೆಸ್ ಕೂಡ ಟಾಟಾ ಕೈಗೆ ಹೋಯಿತು. ಬಜ್ಪೆ ನಿಲ್ದಾಣ 2020ರಿಂದ ಅದಾನಿ ಕೈಯಲ್ಲಿ. ಮುಂಚೆ ಮಂತ್ರಿಗೆ ಮನವಿ ಕೊಟ್ಟರೆ ಸರಕಾರಿ ಕಂಪೆನಿಗೆ ಒಂದು ಮಾತು ಹೋಗುತ್ತಿತ್ತು. ಈಗ ವ್ಯಾಪಾರಿಗಳ ಮುಂದೆ ವ್ಯಾಪಾರದ ಭಾಷೆಯಲ್ಲೇ ಮಾತಾಡಬೇಕು: ಇಷ್ಟು ಜನ, ಇಂಥ ತಿಂಗಳು, ಇಂಥ ಊರು.

ಇದೆಲ್ಲ ರಜೆಗೆ ಬರುವವರ, ಉಮ್ರಾಕ್ಕೆ ಹೋಗುವವರ ಅನುಕೂಲದ ಮಾತು ಮಾತ್ರವಾಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯ ಇರಲಿಲ್ಲ. ದೂರದ ಲೆಕ್ಕ ನಿಜವಾಗಿ ಎದೆಗೆ ತಾಗುವುದು ಊರಿನಲ್ಲಿ ಮಯ್ಯಿತ್ ಆದಾಗ.

ಬಾಪ ಸುಬ್‌ಹಿ ಹೊತ್ತಿಗೆ, ಐದು ಗಂಟೆಗೆ ತೀರಿಕೊಂಡರು ಎಂದಿಟ್ಟುಕೊಳ್ಳಿ. ದುಬೈಯಲ್ಲಿ ಮಗನಿಗೆ ಫೋನ್ ಹೋಗುವಾಗ ಅಲ್ಲಿ ಮೂರೂವರೆ. ಮಯ್ಯಿತನ್ನು ತಡ ಮಾಡದೆ ದಫನ್ ಮಾಡಬೇಕು, ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ: "ಮೋನು ಮುಟ್ಟುತ್ತಾನಾ?" ಬೆಳಗ್ಗಿನ ವಿಮಾನದಲ್ಲಿ ಸೀಟು ಸಿಕ್ಕಿದರೆ, ಏರ್‌ಪೋರ್ಟಿಗೆ ಎರಡು ಮೂರು ಗಂಟೆ ಮೊದಲು ಮುಟ್ಟಿ, ಮೂರೂವರೆ ಗಂಟೆ ಹಾರಿ, ಇಮಿಗ್ರೇಶನ್ ಮುಗಿಸಿ, ಬಜ್ಪೆಯಿಂದ ಊರಿಗೆ ರಸ್ತೆ ಹಿಡಿದರೆ, ಅಸರ್ ಹೊತ್ತಿಗೆ ಬರಬಹುದು. ನೇರ ವಿಮಾನ ಸಂಜೆ ಮಾತ್ರ ಇದ್ದರೆ ಆಗುವುದಿಲ್ಲ. ಜಿದ್ದಾದಲ್ಲಿ ಇದ್ದು ಮುಂಬೈ ಮೇಲೆ ಬರಬೇಕಾದರೆ ಹನ್ನೆರಡರಿಂದ ಹದಿನಾರು ಗಂಟೆ. ಎಷ್ಟೋ ಮಕ್ಕಳು ಜನಾಝ ನಮಾಝನ್ನು ವೀಡಿಯೊ ಕಾಲ್‌ನಲ್ಲಿ ನೋಡಿದ್ದು ಹೀಗೆ. ಎಷ್ಟು ಹೊತ್ತು ಕಾಯಬಹುದು ಎಂಬುದನ್ನು ಖತೀಬರಲ್ಲಿ ಕೇಳಿ ತೀರ್ಮಾನಿಸಬೇಕು, ಅದು ನಮ್ಮ ಅಂಕಣದ ವಿಷಯ ಅಲ್ಲ. ಆದರೆ ಖತೀಬರು "ಮಗ ಎಷ್ಟು ಗಂಟೆಗೆ ಬರುತ್ತಾನೆ" ಎಂದು ಕೇಳಿದರೆ ಸರಿಯಾದ ಗಂಟೆ ಹೇಳುವವರು ಮನೆಯಲ್ಲಿ ಒಬ್ಬರಾದರೂ ಬೇಕು. "ಮೂರು ಗಂಟೆ ಫ್ಲೈಟ್ ಅಲ್ವಾ" ಎಂದು ಹೇಳಿ ಇಡೀ ಜಮಾಅತನ್ನು ಮಸೀದಿ ಅಂಗಳದಲ್ಲಿ ಕಾಯಿಸಿದ ಸಂದರ್ಭಗಳೂ ಉಂಟು.

ಸೌದಿಯಲ್ಲಿರುವವರಿಗೆ ವಿಮಾನಕ್ಕಿಂತ ದೊಡ್ಡ ದೂರ ಇನ್ನೊಂದು. ದೇಶ ಬಿಡಲು ಎಕ್ಸಿಟ್ ರೀ-ಎಂಟ್ರಿ ವೀಸಾ ಬೇಕು. ಯುಎಇಯಲ್ಲಿ ಆ ಕಟ್ಟು ಇಲ್ಲ. 2021ರ ಮಾರ್ಚಿನಿಂದ ಸೌದಿಯಲ್ಲಿ ಕಂಪೆನಿ ಕೆಲಸಗಾರರು ಅಬ್ಶರ್‌ನಲ್ಲಿ ತಾವೇ ಅರ್ಜಿ ಹಾಕುವ ವ್ಯವಸ್ಥೆ ಬಂದಿದೆ. ಆದರೆ ಹೌಸ್ ಡ್ರೈವರ್, ಮನೆಗೆಲಸದವರು ಆ ಸುಧಾರಣೆಯ ಹೊರಗೆ ಉಳಿದರು, ಅವರಿಗೆ ಇಂದಿಗೂ ಕಫೀಲ್ ಒಪ್ಪಬೇಕು. ನಮ್ಮ ಹುಡುಗರಲ್ಲಿ ಹೌಸ್ ಡ್ರೈವರ್‌ಗಳು ಎಷ್ಟು ಜನ ಎಂದು ಪ್ರತಿ ಮೊಹಲ್ಲಾದವರಿಗೂ ಗೊತ್ತು. ಅವರಿಗೆ ಜಿದ್ದಾದಿಂದ ಬಜ್ಪೆ ಐದು ಗಂಟೆಯೂ ಆಗಬಹುದು, ಐದು ದಿನವೂ ಆಗಬಹುದು. ಮನೆಯಲ್ಲಿ ಹಿರಿಯರ ಆರೋಗ್ಯ ಸರಿ ಇಲ್ಲದಿದ್ದರೆ ಪಾಸ್‌ಪೋರ್ಟ್ ಎಲ್ಲಿದೆ, ಇಖಾಮ ಅವಧಿ ಎಷ್ಟಿದೆ, ಕಫೀಲ್ ಯಾವ ಊರಿನಲ್ಲಿದ್ದಾನೆ ಎಂದು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಫೋನ್ ಬಂದ ಮೇಲೆ ಅದಕ್ಕೆಲ್ಲ ಸಮಯ ಇರುವುದಿಲ್ಲ.

ವಿಮಾನ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಯಾವ ಮಾರ್ಗಕ್ಕೆ ವಾರಕ್ಕೆ ಎಷ್ಟು ದಿನ ಎಂದು ಕಂಪೆನಿಗಳು ತೀರ್ಮಾನಿಸುವುದು ಅದಕ್ಕೆ ತಿಂಗಳುಗಟ್ಟಲೆ ಮೊದಲು. ರಮಝಾನ್ ಉಮ್ರಾಕ್ಕೆ ಜಿದ್ದಾ ವಿಮಾನ ಹೆಚ್ಚಿಸಿ ಎಂದು ರಜಬ್‌ನಲ್ಲಿ ಮನವಿ ಕೊಟ್ಟರೆ ಅಷ್ಟರಲ್ಲಿ ವಿಮಾನಗಳೆಲ್ಲ ಬೇರೆ ಮಾರ್ಗಕ್ಕೆ ಹಂಚಿ ಆಗಿರುತ್ತವೆ. ಉಮ್ರಾ ಏಜೆನ್ಸಿಗಳು, ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ಸೇರಿ ಕಳೆದ ವರ್ಷ ನಮ್ಮ ಜಿಲ್ಲೆಗಳಿಂದ ಯಾವ ತಿಂಗಳು ಎಷ್ಟು ಜನ ಮುಂಬೈ, ಬೆಂಗಳೂರು, ಕಣ್ಣೂರು, ಕೊಚ್ಚಿ ಮೂಲಕ ಜಿದ್ದಾಕ್ಕೆ ಹೋದರು ಎಂಬ ಪಟ್ಟಿ ಮಾಡಿದರೆ ಕಂಪೆನಿಯವರ ಮೇಜಿನ ಮೇಲೆ ಇಡಲು ಒಂದು ಕಾಗದವಾದರೂ ಆದೀತು. ಬೆಳಗಾವಿ, ಹುಬ್ಬಳ್ಳಿಯವರು ಕೇಳುತ್ತಿರುವುದೂ ಇದೇ ರೀತಿಯ ವಿಮಾನಗಳನ್ನು, ಅಲ್ಲಿ ಹೋಟೆಲ್, ಬೇಕರಿ ಎಂದು ನೆಲೆಸಿದ ನಮ್ಮವರೂ ಅವರ ಜೊತೆ ಸೇರಬಹುದು. ಅಕ್ಟೋಬರ್ ಪಟ್ಟಿಗೆ ಸೇರಬೇಕಾದರೆ ಈ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.